ಮನೆಯೊಡೆಯನಾರು?

ವಚನ ಸಾಹಿತ್ಯದ ಪರಿಚಯವುಳ್ಳವರಿಗೆ 'ಮನೆಯೊಡೆಯ' ಎಂಬ ಪದ ಹೊಸದಲ್ಲ. ಪಾಳುಬಿದ್ದ ಮನೆಯೊಂದರ ರೂಪಕದಿಂದ, ಅಂತರಂಗದ ಒಡೆಯನನ್ನು ಕಳೆದುಕೊಂಡ ಮನುಷ್ಯನ ದುಃಸ್ಥಿತಿಯನ್ನು ಕಾಣಿಸುವ ಬಸವಣ್ಣನವರ ವಚನವೊಂದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು. ಅಲ್ಲಿ ಮನೆಯೆಂದರೆ ತನು. ಒಡೆಯನೆಂದರೆ ಆ ತನುವಿನಲ್ಲಿ ನೆಲೆಗೊಳ್ಳಬೇಕಾದ ಪರಮಾತ್ಮ. ಈ ಆಧ್ಯಾತ್ಮಿಕ ಅರ್ಥವು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದೇ ಪದದ ಲೌಕಿಕ ಅರ್ಥದ ಕಡೆಗೆ ನಮ್ಮ ದೃಷ್ಟಿ ಹರಿಯುವುದೇ ಅಪರೂಪ. ಮಣ್ಣಿನ ಗೋಡೆ, ಹೆಂಚಿನ ಅಥವಾ ತಗಡಿನ ಸೂರು, ಒಂದು ಹೊಸ್ತಿಲು ಇರುವ ನಿಜವಾದ ಮನೆಗೆ ಒಡೆಯನಾರು? ಒಡೆತನದ ಪತ್ರವಿಲ್ಲದೆ ತಲೆತಲಾಂತರದಿಂದ ಆ ಮನೆಯಲ್ಲಿ ಬಾಳಿದವನು ಈ ನಾಡಿನ ಪೂರ್ಣ ಪ್ರಜೆಯೆನಿಸಿಕೊಳ್ಳುತ್ತಾನೆಯೆ? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಟ್ಟು, ಶರಣರ ವಿಚಾರದ ಬೆಳಕಿನಲ್ಲಿ ಅವುಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ನನ್ನ ಮನಸ್ಸನ್ನು ಹೊಕ್ಕದ್ದು ಗ್ರಂಥಾವಲೋಕನದಿಂದಲ್ಲ. 2011ರ ಜನಗಣತಿಯ ಪೂರ್ವಭಾವಿಯಾಗಿ 2010ರಲ್ಲಿ ಮನೆಪಟ್ಟಿ ತಯಾರಿಸುವ ಕಾರ್ಯ ನಡೆದಾಗ, ಶಾಲಾಮಾಸ್ತರನಾಗಿದ್ದ ನನಗೂ ಒಂದು ಭಾಗದ ಹೊಣೆ ಬಂದಿತ್ತು. ಆ ಭಾಗದಲ್ಲಿ ಒಂದು ತಾಂಡಾ ಸೇರಿತ್ತು. ನಮೂನೆಯಲ್ಲಿ ಮನೆಯ ಒಡೆತನಕ್ಕೆ ಸಂಬಂಧಿಸಿದ ಒಂದು ಅಂಕಣ. ಸ್ವಂತದ್ದಾದರೆ ಒಂದು ಸಂಖ್ಯೆ, ಬಾಡಿಗೆಯದಾದರೆ ಎರಡು, ಬೇರೆ ಬಗೆಯದಾದರೆ ಮೂರು. ಒಬ್ಬ ವೃದ್ಧೆಯನ್ನು ಕೇಳಿದೆ. 'ನಮ್ಮ ಮಾವ ಕಟ್ಟಿದ ಮನಿ, ಮತ್ತ್ಯಾರದು ಆದೀತು?' ಎಂದು ಆಕೆ ನನ್ನನ್ನೇ ಮರುಪ್ರಶ್ನಿಸಿದಳು. ನಾನು ಒಂದು ಎಂದು ಬರೆದೆ. ಕಾಗದವೇನಾದರೂ ಇದೆಯೆ ಎಂದು ಕೇಳಿದಾಗ ಆಕೆ ನಕ್ಕಳು. ಆ ನೆಲದ ಪಹಣಿ ಬೇರೊಬ್ಬರ ಹೆಸರಿನಲ್ಲಿತ್ತು. ಗಣತಿಯ ನಮೂನೆ ಕಾಗದವನ್ನು ಕೇಳುವುದಿಲ್ಲ, ಕುಟುಂಬದವರ ಉತ್ತರವನ್ನು ಬರೆದುಕೊಳ್ಳುತ್ತದೆ. ಆದುದರಿಂದ ನಾನು ಬರೆದುದು ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಆದರೂ ಸರ್ಕಾರದ ಒಂದು ಪುಸ್ತಕದಲ್ಲಿ ಒಡತಿಯಾದ ಆಕೆ, ಸರ್ಕಾರದ ಇನ್ನೊಂದು ಪುಸ್ತಕದಲ್ಲಿ ಲೆಕ್ಕಕ್ಕೇ ಇಲ್ಲದವಳು ಎಂಬ ವಿಚಾರ ಅಂದಿನಿಂದ ನನ್ನನ್ನು ಬಿಟ್ಟುಹೋಗಲಿಲ್ಲ.

ಆ ಗಣತಿಯ ಫಲಿತಾಂಶದ ಪ್ರಕಾರ ಭಾರತದ ಕುಟುಂಬಗಳಲ್ಲಿ ಶೇಕಡಾ 86.6ರಷ್ಟು ಸ್ವಂತ ಮನೆಯಲ್ಲಿಯೂ ಶೇಕಡಾ 11.1ರಷ್ಟು ಬಾಡಿಗೆಯ ಮನೆಯಲ್ಲಿಯೂ ವಾಸಿಸುತ್ತಿದ್ದುವು. ಗ್ರಾಮಾಂತರದಲ್ಲಂತೂ ಸ್ವಂತ ಮನೆಯವರ ಪ್ರಮಾಣ ಶೇಕಡಾ 94.7. ಈ ಅಂಕಿಗಳನ್ನು ಮಾತ್ರ ನೋಡಿದವರು, ಐಶ್ವರ್ಯವಂತ ರಾಷ್ಟ್ರಗಳನ್ನೂ ಮೀರಿಸುವ ಮನೆಯೊಡೆತನ ನಮ್ಮಲ್ಲಿದೆಯೆಂದು ಭಾವಿಸುವುದು ಸಹಜ. ಅದರೆ ಆ ಅಂಕಿಯೊಳಗೆ ಊರ ನಡುವಿನ ಗೌಡರ ವಾಡೆಯೂ ಇದೆ, ಆ ವೃದ್ಧೆಯ ಗುಡಿಸಲೂ ಇದೆ. ಎರಡಕ್ಕೂ ಒಂದೇ ಸಂಖ್ಯೆ. ಅಸಮಾನತೆಯು ಅಂಕಿಯಲ್ಲಿ ಕಾಣದೆ ಹೋದಾಗ ಅದು ನೆಲದ ಮೇಲೆ ಇಲ್ಲವೆಂದು ತಿಳಿಯಲಾಗದು.

ದಾಖಲೆಯಿಲ್ಲದ ಮನೆಯೆಂದರೆ ಏನೆಂಬುದನ್ನು ಪಟ್ಟಣವಾಸಿಗಳಾದ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ನಮ್ಮ ಕಂದಾಯ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಂದಾಯ ಗ್ರಾಮಕ್ಕೂ ಒಂದು ಗ್ರಾಮಠಾಣಾ, ಎಂದರೆ ಜನವಸತಿಗೆಂದು ಗುರುತಿಸಿದ ನೆಲ ಇರುತ್ತದೆ. ಅದರ ಹೊರಗಿನದು ಸರ್ವೆ ನಂಬರುಳ್ಳ ಸಾಗುವಳಿ ಜಮೀನು, ಗೋಮಾಳ, ಅರಣ್ಯ ಇತ್ಯಾದಿ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ವಡ್ಡರಹಟ್ಟಿ, ನಾಯಕರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು ಮೊದಲಾದ ಹೆಸರಿನ ನೂರಾರು ನೆಲೆಗಳು ಈ ಗ್ರಾಮಠಾಣಾದ ಹೊರಗೆ, ಯಾರದೋ ಜಮೀನಿನಲ್ಲಿಯೋ ಸರ್ಕಾರದ ಭೂಮಿಯಲ್ಲಿಯೋ ಬೆಳೆದುವು. ಕೂಲಿಗೆ ಆಳು ಬೇಕಾದ ಜಮೀನುದಾರರು ಕೆಲವೆಡೆ ಅವರನ್ನು ತಾವೇ ಕರೆದು ಕೂರಿಸಿದರು. ಕೆಲವೆಡೆ ದನಕುರಿಗಳ ಹಿಂದೆ ಬಂದವರು ನೀರು ಕಂಡಲ್ಲಿ ನಿಂತರು. ಹೀಗೆ ಎರಡು ಮೂರು ತಲೆಮಾರುಗಳು ಕಳೆದರೂ ಪಹಣಿಯಲ್ಲಿ ಆ ನೆಲ ಹೊಲವಾಗಿಯೇ ಉಳಿಯಿತು. ನೆಲದ ಮೇಲೆ ಒಲೆಗಳು ಉರಿಯುತ್ತಿದ್ದರೂ ಕಾಗದದಲ್ಲಿ ಅಲ್ಲಿ ಜನರಿರಲಿಲ್ಲ.

ಇದರ ಪರಿಣಾಮಗಳು ಒಂದರ ಹಿಂದೊಂದು ಬರುತ್ತವೆ. ನಿವೇಶನದ ಹಕ್ಕಿಲ್ಲದವನಿಗೆ ಗ್ರಾಮ ಪಂಚಾಯತಿಯಲ್ಲಿ ಸಕ್ರಮವಾದ ಖಾತೆಯಾಗದು. ಖಾತೆಯಿಲ್ಲದವನಿಗೆ ಮನೆ ಕಟ್ಟಲು ಸರ್ಕಾರದ ಸಹಾಯಧನ ದೊರೆಯುವುದು ಕಷ್ಟ, ಬ್ಯಾಂಕಿನ ಸಾಲ ದುರ್ಲಭ. ಗುಡಿಸಲು ಸುಟ್ಟರೆ, ಮಳೆಗೆ ಗೋಡೆ ಬಿದ್ದರೆ, ಪರಿಹಾರ ಕೇಳಲು ಹೋದವನು ಮೊದಲು ಆ ಮನೆ ತನ್ನದೆಂದು ಸಿದ್ಧಪಡಿಸಬೇಕು. ದಾರಿ, ಚರಂಡಿ, ಸ್ಮಶಾನ, ಅಂಗನವಾಡಿ ಇವೆಲ್ಲ 'ಊರಿಗೆ' ಮಂಜೂರಾಗುತ್ತವೆ. ಊರೆಂದು ಹೆಸರಿಲ್ಲದ ನೆಲೆಗೆ ಅವು ಪಕ್ಕದ ಊರಿನವರ ದಾಕ್ಷಿಣ್ಯದಿಂದ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆಲದ ಒಡೆಯನೊಡನೆ ಕೂಲಿಯ ವಿಚಾರದಲ್ಲಾಗಲಿ ಚುನಾವಣೆಯ ವಿಚಾರದಲ್ಲಾಗಲಿ ಭಿನ್ನಾಭಿಪ್ರಾಯ ಬಂದರೆ, 'ನನ್ನ ಹೊಲ ಬಿಡು' ಎಂಬ ಒಂದು ಮಾತಿನ ಭಯ ಸದಾ ತಲೆಯ ಮೇಲೆ ತೂಗುತ್ತಿರುತ್ತದೆ. ಮತದಾನದ ಹಕ್ಕು ಸಂವಿಧಾನದಿಂದ ಬಂದಿದೆ, ನಿಜ. ಆದರೆ ಇರುವ ಸೂರು ಇನ್ನೊಬ್ಬನ ಕೃಪೆಯಲ್ಲಿರುವಾಗ ಆ ಹಕ್ಕನ್ನು ಧೈರ್ಯದಿಂದ ಚಲಾಯಿಸುವುದು ಎಷ್ಟು ಕಠಿಣವೆಂಬುದನ್ನು ಹಳ್ಳಿಯಲ್ಲಿ ಬಾಳಿದವರೆಲ್ಲ ಬಲ್ಲರು.

ಪ್ರಜೆಯ ಹಕ್ಕನ್ನು ಮೂರು ಸ್ತರಗಳಾಗಿ ವಿಂಗಡಿಸಿದವನು ಆಂಗ್ಲ ಸಮಾಜಶಾಸ್ತ್ರಜ್ಞ ಟಿ. ಎಚ್. ಮಾರ್ಷಲ್. 1949ರಲ್ಲಿ ಕೇಂಬ್ರಿಜ್‌ನಲ್ಲಿ ಆತ ಮಾಡಿದ ಉಪನ್ಯಾಸಗಳು ಮರುವರ್ಷ ಗ್ರಂಥರೂಪದಲ್ಲಿ ಬಂದುವು. ವಾಕ್‌ಸ್ವಾತಂತ್ರ್ಯ, ನ್ಯಾಯಾಲಯದ ರಕ್ಷಣೆ ಮೊದಲಾದ ವೈಯಕ್ತಿಕ ಹಕ್ಕುಗಳು ಒಂದು ಸ್ತರ. ಮತ ನೀಡುವ, ಅಧಿಕಾರದಲ್ಲಿ ಪಾಲ್ಗೊಳ್ಳುವ ರಾಜಕೀಯ ಹಕ್ಕುಗಳು ಎರಡನೆಯದು. ಶಿಕ್ಷಣ, ಆರೋಗ್ಯ, ವಸತಿ ಮೊದಲಾದುವುಗಳಲ್ಲಿ ಸಮಾಜದ ಸಾಮಾನ್ಯ ಮಟ್ಟಕ್ಕೆ ತಕ್ಕ ಬಾಳನ್ನು ಬಾಳುವ ಸಾಮಾಜಿಕ ಹಕ್ಕುಗಳು ಮೂರನೆಯದು. ಮೂರನೆಯದಿಲ್ಲದೆ ಮೊದಲಿನ ಎರಡು ಬಹುಮಂದಿಗೆ ಹೆಸರಿಗೆ ಮಾತ್ರ ಉಳಿಯುತ್ತವೆ ಎಂಬುದನ್ನು ಆತನ ವಿವೇಚನೆಯಿಂದ ನಾವು ತಿಳಿಯಬಹುದು. ಇದನ್ನೇ ಸಾಮಾಜಿಕ ಪೌರತ್ವ ಎಂದು ಕರೆಯುತ್ತಾರೆ.

ನಮ್ಮ ದೇಶದ ಅನುಭವವು ಈ ಮಾತಿಗೆ ಒಳ್ಳೆಯ ನಿದರ್ಶನ. ಸ್ವಾತಂತ್ರ್ಯಪೂರ್ವದಲ್ಲಿ ಮತದ ಹಕ್ಕು ಆಸ್ತಿಗೆ ಅಂಟಿಕೊಂಡಿತ್ತು. ಬ್ರಿಟಿಷ್ ಪ್ರಾಂತಗಳಲ್ಲಿ 1935ರ ಭಾರತ ಸರ್ಕಾರ ಕಾಯಿದೆಯ ಮೇರೆಗೆ, ಕಂದಾಯ ಅಥವಾ ತೆರಿಗೆ ತೆರುವವನು, ಆಸ್ತಿಯುಳ್ಳವನು, ವಿದ್ಯಾರ್ಹತೆಯುಳ್ಳವನು ಇಂಥವರೇ ಮತದಾರರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೂ ಇಂಥ ಅರ್ಹತೆಗಳಿದ್ದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಮತಕ್ಕೂ ಆಸ್ತಿಗೂ ಇದ್ದ ಗಂಟನ್ನು ಒಂದೇ ಏಟಿಗೆ ಕತ್ತರಿಸಿತು. ಇಂದು ರಸ್ತೆಯ ಬದಿಯಲ್ಲಿ ಮಲಗುವವನೂ ಮತದಾರನಾಗಬಹುದು. ಆತ ಹೇಳಿದ ಜಾಗದಲ್ಲಿ ಆತ ರಾತ್ರಿ ನಿಜವಾಗಿ ಮಲಗುತ್ತಾನೆಯೆ ಎಂಬುದನ್ನು ಮತಗಟ್ಟೆಯ ಅಧಿಕಾರಿಯೇ ಹೋಗಿ ನೋಡತಕ್ಕದ್ದೆಂಬ ವ್ಯವಸ್ಥೆಯಿದೆ. ರಾಜಕೀಯ ಹಕ್ಕಿನ ಮಟ್ಟಿಗೆ ಇದು ಮಹತ್ತರವಾದ ಸಾಧನೆ. ಆದರೆ ಸಾಮಾಜಿಕ ಹಕ್ಕುಗಳ ವಿಚಾರದಲ್ಲಿ ಹಳೆಯ ಗಂಟು ಪೂರ್ತಿ ಬಿಚ್ಚಿಲ್ಲ. ಮನೆಯ ಕಾಗದವುಳ್ಳವನಿಗೆ ಸೌಲಭ್ಯಗಳು ತಾವಾಗಿ ಬಾಗಿಲಿಗೆ ಬರುತ್ತವೆ. ಕಾಗದವಿಲ್ಲದವನು ಅವುಗಳ ಬೆನ್ನು ಹತ್ತಬೇಕು.

ನ್ಯಾಯಾಲಯಗಳು ಈ ಅಂತರವನ್ನು ಗಮನಿಸದೆ ಇರಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿತು. ಆದರೆ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಮುಂಬಯಿಯ ಪಾದಚಾರಿ ರಸ್ತೆಗಳ ನಿವಾಸಿಗಳಿಗೆ ಸಂಬಂಧಿಸಿದ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ಮುಂದೆ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ, ಆಶ್ರಯದ ಹಕ್ಕೂ ಸಂವಿಧಾನದ 21ನೆಯ ಅನುಚ್ಛೇದದ ಅಂಗವೆಂದು ಹೇಳಿತು. ಇದರ ತಾತ್ಪರ್ಯವನ್ನು ಗಮನಿಸಬೇಕು. ಸಂಪತ್ತಾಗಿ ಆಸ್ತಿಯು ಕೆಳಗಿಳಿಯಿತು. ಬಾಳಿನ ಆಧಾರವಾಗಿ ಸೂರು ಮೇಲೇರಿತು. ಈ ವಿವೇಕವು ಶರಣರ ವಿವೇಕಕ್ಕೆ ಎಷ್ಟು ಹತ್ತಿರವಾದುದು ಎಂಬುದನ್ನು ಮುಂದೆ ನೋಡೋಣ.

ಅದಕ್ಕೆ ಮುನ್ನ ಕರ್ನಾಟಕದ ಶಾಸನಗಳ ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಎಂಬ ಚಿಕ್ಕ ಗ್ರಾಮದ ಗೇಣಿದಾರರು, ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ನಾಡಿನಲ್ಲೆಲ್ಲ ಹಬ್ಬಿತು. ದೇವರಾಜ ಅರಸು ಅವರ ಸರ್ಕಾರದ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವರಿಗೆ ಒಡೆತನ ದೊರೆಯುವ ಮಾರ್ಗ ತೆರೆಯಿತು. ಅದೇ ಕಾಯಿದೆಯ 38ನೆಯ ಕಲಮು, ಪರರ ಜಮೀನಿನಲ್ಲಿ ಮನೆಮಾಡಿಕೊಂಡಿರುವ ಕೃಷಿ ಕಾರ್ಮಿಕನನ್ನು ಕುರಿತದ್ದು. ಹೊಲದ ಒಡೆತನದ ಬಗೆಗೆ ನಡೆದ ಚರ್ಚೆಯ ಗದ್ದಲದಲ್ಲಿ, ಹೊಲವನ್ನು ಗೇಣಿಗೂ ಪಡೆಯಲಾರದೆ ಬರಿಯ ಕೂಲಿಯಿಂದ ಬದುಕಿದವನ ಮನೆಯ ಪ್ರಶ್ನೆ ಹಿಂದೆ ಉಳಿಯಿತು.

ಆ ಪ್ರಶ್ನೆ ಮತ್ತೆ ಮುಂದೆ ಬರಲು ನಾಲ್ಕು ದಶಕಗಳು ಬೇಕಾದುವು. 2016ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ 38-ಎ ಎಂಬ ಹೊಸ ಕಲಮು ಸೇರಿ, ದಾಖಲೆಯಿಲ್ಲದ ಜನವಸತಿಗಳಲ್ಲಿ ಮನೆಮಾಡಿಕೊಂಡಿರುವವರನ್ನು ಆ ಮನೆಗಳ ಒಡೆಯರೆಂದು ನೋಂದಾಯಿಸಲು ಅವಕಾಶವಾಯಿತು. 'ವಾಸಿಸುವವನೇ ಮನೆಯೊಡೆಯ' ಎಂಬ ಹೊಸ ಘೋಷಣೆ ಹುಟ್ಟಿತು. ಅಂದು ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪನವರು. ಹೊಲದ ಹೋರಾಟ ಯಾವ ಊರಿನಲ್ಲಿ ಹುಟ್ಟಿತೋ ಅದೇ ಊರಿನ ಹೆಸರನ್ನು ಹೊತ್ತವರಿಂದ ಮನೆಯ ಶಾಸನ ಬಂದುದು ಸ್ಮರಣೀಯ.

ಶಾಸನದ ಫಲ ಜನರ ಕೈಸೇರಲು ಮತ್ತೆ ಕಾಲ ಹಿಡಿಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1475 ದಾಖಲೆರಹಿತ ನೆಲೆಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾದುವು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಪ್ರಧಾನಮಂತ್ರಿಗಳಿಂದ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರವು ಇಂಥದೇ ನೆಲೆಗಳ 1,11,111 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ನೀಡಿತು. ಯಾವ ಪಕ್ಷಕ್ಕೆ ಎಷ್ಟು ಕೀರ್ತಿ ಸಲ್ಲಬೇಕೆಂಬ ಚರ್ಚೆ ನಮ್ಮದಲ್ಲ. ಎರಡು ಭಿನ್ನ ಪಕ್ಷಗಳ ಸರ್ಕಾರಗಳು ಒಂದೇ ಕಾರ್ಯವನ್ನು ಮುಂದುವರಿಸಿದುವೆಂಬುದು, ಆ ಕಾರ್ಯದ ಅವಶ್ಯಕತೆ ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗದ ನೆಲ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಎಲ್ಲೆಯನ್ನು ಒಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ ಗ್ರಂಥವದು. ನಾಡಿನ ಎಲ್ಲೆಯನ್ನು ಗುರುತಿಸಿದ ಆ ನೆಲದ ಸುತ್ತಮುತ್ತಲೇ, ನಾಡಿನ ಕಡತದಲ್ಲಿ ಗುರುತಿಲ್ಲದ ಜನರು ಇಪ್ಪತ್ತೊಂದನೆಯ ಶತಮಾನದವರೆಗೂ ಬಾಳಿದರು. ಇನ್ನೊಂದು ವಿಚಾರ. ಆ ಐದು ಜಿಲ್ಲೆಗಳಲ್ಲಿ ಬೀದರ್ ಒಂದಾಗಿದ್ದು, ಶರಣರ ಕಲ್ಯಾಣ, ಇಂದಿನ ಬಸವಕಲ್ಯಾಣ, ಅದೇ ಜಿಲ್ಲೆಗೆ ಸೇರಿದೆ. ಬಸವಣ್ಣನವರ ಮಹಾಮನೆಯ ಬಾಗಿಲು ತೆರೆದ ನಾಡಿನಲ್ಲಿ ತಮ್ಮ ಮನೆಯನ್ನು ತಮ್ಮದೆನ್ನಲು ಜನ ಇಷ್ಟು ಕಾಲ ಕಾಯಬೇಕಾಯಿತೆಂಬುದು ನಮ್ಮೆಲ್ಲರ ಆತ್ಮಪರೀಕ್ಷೆಗೆ ವಿಷಯವಾಗಬೇಕು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. 'ಶರಣರು ಸ್ಥಾವರವನ್ನು ಅಲ್ಲಗಳೆದು ಜಂಗಮವನ್ನು ಎತ್ತಿಹಿಡಿದವರು. ಹೊನ್ನು, ಹೆಣ್ಣು, ಮಣ್ಣುಗಳ ಮೋಹವನ್ನು ಬಿಡಿರೆಂದು ಸಾರಿದವರು. ಮನೆಯ ಒಡೆತನಕ್ಕಾಗಿ ಹಂಬಲಿಸುವುದನ್ನು ಅವರ ಹೆಸರಿನಲ್ಲಿ ಸಮರ್ಥಿಸುವುದು ಹೇಗೆ?' ಎಂದು ಒಬ್ಬ ಹಿರಿಯ ಮಿತ್ರರು ನನ್ನನ್ನು ಕೇಳಿದರು. ಪ್ರಶ್ನೆ ಗಂಭೀರವಾದುದು, ಅದಕ್ಕೆ ವಚನಗಳಿಂದಲೇ ಉತ್ತರ ಹುಡುಕಬೇಕು.

ಮೊದಲನೆಯದಾಗಿ, ತ್ಯಾಗವು ಉಳ್ಳವನ ಧರ್ಮ. ಬಿಡಲು ಏನೂ ಇಲ್ಲದವನಿಗೆ ವೈರಾಗ್ಯವನ್ನು ಬೋಧಿಸುವುದು ಉಪದೇಶವೆನಿಸದು, ಅಪಹಾಸ್ಯವೆನಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಿರುಗಿಸುವಂತೆ ಪತಿಗೆ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ಆ ಮಹಾತಾಯಿ ತಿರಸ್ಕರಿಸಿದುದು ಮಿಗಿಲಾದುದನ್ನು, ಅಂದಂದಿನ ಅಕ್ಕಿಯನ್ನಲ್ಲ. 'ಸಾಕು' ಎಂಬ ಮಾತನ್ನು ಆಡಬೇಕಾದರೆ ಸಾಲುವಷ್ಟು ಇರಬೇಕು. ಒಂದು ಸೂರು, ಒಂದು ಒಲೆ, ಒಂದು ಹೊಸ್ತಿಲು ಇವು ಮಿಗಿಲಿನ ಲೆಕ್ಕಕ್ಕೆ ಸೇರುವುವಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ನಿವೇಶನವನ್ನು ಕೊಂಡು ಬೀಗ ಹಾಕಿ ಬೆಲೆಯೇರಲೆಂದು ಕಾಯುವವನಿಗೆ ಲಕ್ಕಮ್ಮನವರ ಬೋಧೆ ಅನ್ವಯಿಸುತ್ತದೆ, ತಾಂಡಾದ ವೃದ್ಧೆಗಲ್ಲ.

ಎರಡನೆಯದಾಗಿ, ದಾಸೋಹವು ಶರಣಧರ್ಮದ ಪ್ರಾಣ. ಜಂಗಮವು ಬಂದಾಗ ಬರಮಾಡಿಕೊಳ್ಳಲು ಒಂದು ಬಾಗಿಲು ಬೇಕು, ಪಾದೋದಕ ಪ್ರಸಾದಗಳಿಗೆ ಒಂದು ನೆಲೆ ಬೇಕು. ಶರಣರ ಮನೆಯು ಕೂಡಿಡುವ ಕಣಜವಾಗಿರಲಿಲ್ಲ, ನೀಡುವ ಸ್ಥಾನವಾಗಿತ್ತು. ಒಬ್ಬನನ್ನು ಮನೆಯ ಹಕ್ಕಿನಿಂದ ವಂಚಿಸಿದರೆ ಆತ ಪಡೆಯುವುದನ್ನು ಮಾತ್ರ ತಪ್ಪಿಸಿದಂತಾಗುವುದಿಲ್ಲ. ಆತ ನೀಡುವುದನ್ನೂ ತಪ್ಪಿಸಿದಂತಾಗುತ್ತದೆ. ಸಾಮಾಜಿಕ ಪೌರತ್ವವೆಂಬ ಆಧುನಿಕ ಪದದ ಒಳತಿರುಳು ಇದೇ ಎಂದು ನನಗೆ ತೋರುತ್ತದೆ. ಪ್ರಜೆಯೆಂದರೆ ಸವಲತ್ತನ್ನು ಬೇಡುವವನಲ್ಲ. ಸಮಾಜದಲ್ಲಿ ಸರಿಸಮನಾಗಿ ಕೊಟ್ಟು ಕೊಳ್ಳಬಲ್ಲವನು.

ಮೂರನೆಯದಾಗಿ, ಕೇರಿಗೂ ಶಿವಾಲಯಕ್ಕೂ ಆಧಾರವಾದ ಭೂಮಿಯಲ್ಲಿ ಭೇದವಿಲ್ಲವೆಂದು ಸಾರುವ ಬಸವಣ್ಣನವರ ಪ್ರಸಿದ್ಧ ವಚನವಿದೆ. ಅದನ್ನು ಕುಲಭೇದ ನಿರಸನದ ವಚನವೆಂದು ವಿದ್ವಾಂಸರು ವ್ಯಾಖ್ಯಾನಿಸಿದ್ದಾರೆ. ಆ ವ್ಯಾಖ್ಯಾನ ಸರಿಯಾದುದೇ. ಆದರೆ ಕುಲವನ್ನು ಕುರಿತು ಹೇಳುವಾಗ ಅವರು ನೆಲವನ್ನು ಏಕೆ ಎತ್ತಿಕೊಂಡರು ಎಂಬುದನ್ನು ಆಲೋಚಿಸಬೇಕು. ನಮ್ಮ ಊರುಗಳಲ್ಲಿ ಕುಲಭೇದವು ನೆಲದ ಮೇಲೆಯೇ ಬರೆದಿಟ್ಟ ಲಿಪಿ. ಯಾರು ಊರೊಳಗೆ, ಯಾರು ಊರ ಹೊರಗೆ, ಯಾರ ಮನೆಗೆ ಕಲ್ಲಿನ ಗೋಡೆ, ಯಾರ ಮನೆಗೆ ಸೋಗೆಯ ಮರೆ ಎಂಬುದನ್ನು ನೋಡಿಯೇ ಜಾತಿಯನ್ನು ಓದಬಹುದಾಗಿತ್ತು. ದಾಖಲೆಯಿಲ್ಲದ ಹಟ್ಟಿಗಳ ಹೆಸರುಗಳನ್ನೇ ನೋಡಿರಿ. ಒಂದೊಂದೂ ಒಂದೊಂದು ಸಮುದಾಯದ ಹೆಸರು. ಆದುದರಿಂದ ಮನೆಯೊಡೆತನದ ಅಸಮಾನತೆಯನ್ನು ಬರಿಯ ಆರ್ಥಿಕ ಪ್ರಶ್ನೆಯೆಂದು ಪರಿಗಣಿಸಲಾಗದು.

ಮನೆಯ ಪ್ರಶ್ನೆಯಲ್ಲಿ ಸ್ತ್ರೀಯ ಸ್ಥಾನವನ್ನೂ ಮರೆಯುವಂತಿಲ್ಲ. 'ಗೃಹಿಣೀ ಗೃಹಮುಚ್ಯತೇ' ಎಂದು ಹೊಗಳಿದ ಸಮಾಜವೇ ಆಕೆಯ ಹೆಸರನ್ನು ಮನೆಯ ಕಾಗದದಿಂದ ದೂರವಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮಿನಂತೆ, ಕುಟುಂಬವು ವಾಸಿಸುತ್ತಿರುವ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿದ್ದರೂ, ಗಂಡುವಾರಸುದಾರರು ತಾವಾಗಿ ಪಾಲುಮಾಡಿಕೊಳ್ಳುವವರೆಗೆ ಅವರು ವಿಭಾಗವನ್ನು ಕೇಳುವಂತಿರಲಿಲ್ಲ. ಮಗಳಿಗೆ ಅಲ್ಲಿ ವಾಸದ ಹಕ್ಕು ದೊರೆಯಬೇಕಾದರೂ ಆಕೆ ಅವಿವಾಹಿತೆಯೋ, ಪರಿತ್ಯಕ್ತೆಯೋ, ಪತಿಯಿಂದ ಬೇರ್ಪಟ್ಟವಳೋ, ವಿಧವೆಯೋ ಆಗಿರಬೇಕಾಗಿತ್ತು. ಈ ಕಲಮು 2005ರಲ್ಲಿ ರದ್ದಾಯಿತು. ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಹಭಾಗಿಗಳನ್ನಾಗಿಸುವ ತಿದ್ದುಪಡಿಯನ್ನು ಕರ್ನಾಟಕವು ಅದಕ್ಕೂ ಮುಂಚೆಯೇ, 1994ರಲ್ಲಿ ಜಾರಿಗೆ ತಂದಿತ್ತೆಂಬುದು ಹೆಮ್ಮೆಯ ಸಂಗತಿ. ಅನುಭವ ಗೋಷ್ಠಿಯಲ್ಲಿ ಸ್ತ್ರೀಪುರುಷರನ್ನು ಸಮಾನವಾಗಿ ಕೂರಿಸಿದ ಪರಂಪರೆಯ ನಾಡಿಗೆ ಅದು ತಕ್ಕುದೇ ಆಗಿದೆ. ಆದರೆ ಕಾಯಿದೆ ಬದಲಾದ ಮೇಲೂ, ತವರಿನ ಸಂಬಂಧ ಕೆಡಬಾರದೆಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿ ಬರುವ ಹೆಣ್ಣುಮಕ್ಕಳು ನಮ್ಮ ಭಕ್ತಕುಟುಂಬಗಳಲ್ಲಿಯೂ ಕಡಿಮೆಯಿಲ್ಲ.

ಇನ್ನು ಹಕ್ಕುಪತ್ರದ ಮಿತಿಯನ್ನು ಕುರಿತು ಒಂದು ಮಾತು. ಕಾಗದ ಬಂದೊಡನೆ ಎಲ್ಲವೂ ಸರಿಹೋಯಿತೆಂದು ಭಾವಿಸುವುದು ಭ್ರಮೆ. ಮಾರಬಲ್ಲ ಮನೆಯನ್ನು ಬಡತನವು ಮಾರಿಸಲೂ ಬಲ್ಲದು. ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳು ಪರಭಾರೆಯಾಗುವುದನ್ನು ತಡೆಯಲು ಕರ್ನಾಟಕದಲ್ಲಿ 1978ರ ಕಾಯಿದೆಯೇ ಬೇಕಾಯಿತೆಂಬುದು ಇದಕ್ಕೆ ನಿದರ್ಶನ. ಅದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಎಲ್ಲರನ್ನೂ ಮನೆಯೊಡೆಯರನ್ನಾಗಿಸುವ ಉತ್ಸಾಹದಲ್ಲಿ, ಮನೆಯೊಡೆಯನೇ ಪೂರ್ಣ ಪ್ರಜೆ, ಬಾಡಿಗೆದಾರನು ಅರ್ಧ ಪ್ರಜೆ, ಸೂರಿಲ್ಲದವನು ಪ್ರಜೆಯೇ ಅಲ್ಲ ಎಂಬ ಹೊಸ ಶ್ರೇಣಿಯೊಂದು ಹುಟ್ಟಬಹುದು. ಆಗ 1950ರಲ್ಲಿ ಕತ್ತರಿಸಿದ ಗಂಟನ್ನು ನಾವೇ ಮತ್ತೆ ಹಾಕಿದಂತಾಗುತ್ತದೆ. ಧನಿಕರು ಕಟ್ಟಿಸುವ ಆಲಯಕ್ಕಿಂತ ಬಡಭಕ್ತನ ಒಡಲೇ ದೊಡ್ಡ ಆಲಯವೆಂದು ಸಾರಿದವರ ಅನುಯಾಯಿಗಳು, ಮನುಷ್ಯನ ಬೆಲೆಯನ್ನು ಆತನ ಮನೆಯಿಂದ ಅಳೆಯುವುದು ಸಲ್ಲದು.

ಈ ಶ್ರೇಣಿ ನಮ್ಮ ನಡುವೆ ಈಗಾಗಲೇ ಇಲ್ಲವೆ ಎಂದು ಕೇಳಿಕೊಂಡಾಗ, ನಾನೇ ತಲೆತಗ್ಗಿಸಬೇಕಾಗುತ್ತದೆ. ನಿವೃತ್ತಿಯ ಹಣದಿಂದ ಮೇಲಂತಸ್ತನ್ನು ಕಟ್ಟಿಸಿ ಬಾಡಿಗೆಗೆ ಇಟ್ಟಿದ್ದೆ. ಒಬ್ಬ ತರುಣ ಅಧ್ಯಾಪಕ ಹೆಂಡತಿ ಮಗುವಿನೊಡನೆ ಬಂದು ಮನೆಯನ್ನು ನೋಡಿದ, ಒಪ್ಪಿದ. ನಾನು ಸಂಬಳವನ್ನು ಕೇಳುವ ಮೊದಲೇ 'ತಾವು ಯಾವ ಪೈಕಿ?' ಎಂದು ಕೇಳಿಬಿಟ್ಟೆ. ಆತ ಉತ್ತರ ಕೊಡದೆ, ನಡುಮನೆಯ ಗೋಡೆಯ ಮೇಲಿದ್ದ ಬಸವಣ್ಣನವರ ಪಟವನ್ನು ಒಂದು ಕ್ಷಣ ನೋಡಿ, 'ಆಮೇಲೆ ತಿಳಿಸುತ್ತೇನೆ ಸರ್' ಎಂದು ಹೊರಟುಹೋದ. ಮತ್ತೆ ಬರಲಿಲ್ಲ. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಮಕ್ಕಳಿಗೆ ವಚನಗಳನ್ನು ಪಾಠ ಹೇಳಿದ ನಾಲಗೆ ಅದು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯು, ಅಸ್ಪೃಶ್ಯತೆಯ ಕಾರಣದಿಂದ ಯಾರನ್ನೇ ಆಗಲಿ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸಿಸುವುದಕ್ಕೆ ಅಡ್ಡಿಪಡಿಸುವುದನ್ನು ಅಪರಾಧವೆಂದು ಸಾರಿದೆ. ನಾನು ಬೇಡವೆನ್ನಲಿಲ್ಲ, ಪ್ರಶ್ನೆ ಮಾತ್ರ ಕೇಳಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಆದರೆ ಆ ಪ್ರಶ್ನೆಯೇ ಆತನಿಗೆ ಮುಚ್ಚಿದ ಬಾಗಿಲಾಯಿತು.

ಬಸವಪುರಾಣದ ಶಿವನಾಗಿಮಯ್ಯನವರ ಕಥೆಯನ್ನು ಈ ಸಂದರ್ಭದಲ್ಲಿ ಮತ್ತೆ ಓದಿದೆ. ಬಿಜ್ಜಳನ ದಂಡನಾಯಕರಾದ ಬಸವಣ್ಣನವರು ಅಂತ್ಯಜರೆನಿಸಿಕೊಂಡ ಭಕ್ತರ ಮನೆಗೆ ತಾವೇ ನಡೆದು ಹೋದರು. ಊರವರು ದೂರು ಕೊಂಡೊಯ್ದುದು ಆ ಕಾರಣಕ್ಕಾಗಿ. ಬಸವಣ್ಣನವರು ಆ ಭಕ್ತರ ಮನೆಯನ್ನು ಮನೆಯೆಂದು ಒಪ್ಪಿಕೊಂಡರು, ಅದರ ಒಡೆಯನನ್ನು ಒಡೆಯನೆಂದು ಒಪ್ಪಿಕೊಂಡರು. ಹಕ್ಕುಪತ್ರವನ್ನು ಸರ್ಕಾರ ಕೊಡಬಲ್ಲದು. ಈ ಒಪ್ಪಿಗೆಯನ್ನು ನೆರೆಯವನು ಮಾತ್ರ ಕೊಡಬಲ್ಲನು. ಎರಡೂ ಕೂಡಿದಾಗಲೇ ಸಾಮಾಜಿಕ ಪೌರತ್ವ ಪೂರ್ಣವಾಗುತ್ತದೆ.

ಮಠಗಳೂ ಈ ದಿಶೆಯಲ್ಲಿ ಮಾಡಬಹುದಾದುದು ಬಹಳವಿದೆ. ಧಾರ್ಮಿಕ ಇನಾಮು ರದ್ದಿಯಾತಿಯ 1955ರ ಕಾಯಿದೆಯಿಂದಲೂ 1974ರ ತಿದ್ದುಪಡಿಯಿಂದಲೂ ಮಠಮಾನ್ಯಗಳು ಜಮೀನುಗಳನ್ನು ಕಳೆದುಕೊಂಡುವೆಂದು ಹಿರಿಯರು ಈಗಲೂ ಹೇಳುವುದುಂಟು. ಆದರೆ ಜಮೀನು ಹೋದರೂ ಶಾಲೆ, ಪ್ರಸಾದನಿಲಯಗಳ ಮೂಲಕ ಮಠಗಳ ಕೀರ್ತಿ ಬೆಳೆಯಿತೆಂಬುದೂ ಅಷ್ಟೇ ನಿಜ. ಸೂರಿಲ್ಲದ ಸಾವಿರಾರು ಮಕ್ಕಳಿಗೆ ಪ್ರಸಾದನಿಲಯಗಳೇ ಮನೆಯಾದುವು. ಮಠಗಳ ಉಳಿದ ಭೂಮಿಯಲ್ಲಿ ಬಹುಕಾಲದಿಂದ ನೆಲೆಸಿದ ಕೂಲಿಯವರಿದ್ದರೆ, ಶಾಸನದ ಬಲವಂತಕ್ಕೆ ಕಾಯದೆ ಅವರ ಹೆಸರಿಗೆ ಆ ನೆಲವನ್ನು ಬಿಟ್ಟುಕೊಡುವುದು ದಾಸೋಹದ ಶ್ರೇಷ್ಠ ರೂಪವಾದೀತು. ಭಕ್ತರು ತಮ್ಮ ಮನೆಯ ಮುಂದೆ ತೂಗುಹಾಕುವ 'ಇಂಥವರಿಗೆ ಮಾತ್ರ' ಎಂಬ ಬಾಡಿಗೆಯ ಫಲಕವನ್ನು ಇಳಿಸಬಹುದು. ಅಕ್ಷರಬಲ್ಲವರು ಹತ್ತಿರದ ಹಟ್ಟಿಗೆ ಹೋಗಿ ಅರ್ಜಿ ಬರೆದುಕೊಟ್ಟು, ಹೊಸ ಹಕ್ಕುಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸಬಹುದು. ಇವು ಸಣ್ಣ ಕೆಲಸಗಳು. ಆದರೆ ಕಾಯಕದಲ್ಲಿ ಸಣ್ಣದು ದೊಡ್ಡದೆಂಬುದಿಲ್ಲ.

ರಾಜ್ಯದ ಗ್ರಾಮೀಣ ವಸತಿ ಯೋಜನೆಯೊಂದಕ್ಕೆ 2010-11ರಲ್ಲಿ ಬಸವಣ್ಣನವರ ಹೆಸರಿಟ್ಟು 'ಬಸವ ವಸತಿ ಯೋಜನೆ' ಎಂದು ಕರೆದರು. ಹೆಸರಿಟ್ಟದ್ದು ಉಚಿತವೇ. ಆದರೆ ಆ ಹೆಸರು ಯೋಜನೆಯ ಅಧಿಕಾರಿಗಳಿಗಿಂತ ಹೆಚ್ಚಾಗಿ ನಮ್ಮ ಮೇಲೆ ಹೊಣೆಯನ್ನು ಹೊರಿಸುತ್ತದೆ. ಮನೆಯೊಡೆಯನಾರೆಂಬ ಪ್ರಶ್ನೆಗೆ ಇಂದು ಕಾಯಿದೆ ಒಂದು ಉತ್ತರವನ್ನು ಕೊಟ್ಟಿದೆ: ವಾಸಿಸುವವನೇ ಒಡೆಯ. ಶರಣರು ಎಂದೋ ಇನ್ನೊಂದು ಉತ್ತರವನ್ನು ಕೊಟ್ಟಿದ್ದರು: ಒಳಗೆ ದೇವನಿದ್ದರೆ ಮಾತ್ರ ಮನೆ ಮನೆಯಾಗುವುದು. ಬಾಗಿಲಿಗೆ ಬಂದವನನ್ನು ಕುಲ ಕೇಳಿ ಕಳುಹಿಸಿದ ಮನೆಯಲ್ಲಿ, ಕಾಗದ ಎಷ್ಟೇ ಗ್ರಾಹ್ಯವಾಗಿರಲಿ, ಒಡೆಯನಿರಲಾರನು. ನನ್ನ ಮೇಲಂತಸ್ತು ಈಗ ಖಾಲಿಯಾಗಿದೆ. ಮುಂದೆ ಯಾರಾದರೂ ಕೇಳಿಕೊಂಡು ಬಂದರೆ, ಅವರ ಹೆಸರನ್ನು ಕೇಳುವುದಕ್ಕೂ ಮುನ್ನ ಬಾಗಿಲನ್ನು ತೆರೆಯಬೇಕೆಂದು ಸಂಕಲ್ಪಿಸಿದ್ದೇನೆ.